ಬೆನಿನ್‌ಗೆ ಹೊರಟಿದ್ದ ಪರಮೇಶ್ವರಿ

ಕುಮಟೆಯ ಚಾ ಅಂಗಡಿಗಳಲ್ಲಿ ಕೂತು ದೇಶ ವಿದೇಶದ ವ್ಯಾಪಾರದ ಬಗ್ಗೆ ಉದ್ದುದ್ದ ಮಾತಾಡುವವರಿಗೆ ಬರಗಾಲವಿಲ್ಲ. ಯಾವ ದೇಶ ಯಾರ ಮಾಲಿನ ಮೇಲೆ ಎಷ್ಟು ಸುಂಕ ಹಾಕಿತು, ಯಾವ ಮಂತ್ರಿ ಯಾರ ಕೈ ಕುಲುಕಿದ, ಎಲ್ಲ ಅವರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಇರಲಿ ಪಾಪ, ಮಾತಿಗೆ ಕಾಸು ಬೀಳುವುದಿಲ್ಲವಲ್ಲ. ಆದರೆ ಚಿಪ್ಪಿನ ಗೇರುಬೀಜ ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು, "ಇದು ಟಾಂಜಾನಿಯಾದ್ದು. ಒಣಗಿಸುವಾಗ ಮಳೆಗೆ ಸಿಕ್ಕಿದೆ. ಒಡೆದ್ರೆ ತಿರುಳಿನ ಬೆನ್ನ ಮೇಲೆ ಕಪ್ಪು ಚುಕ್ಕೆ ಇರ್ತದೆ" ಎಂದು ಒಡೆಯುವ ಮೊದಲೇ ಹೇಳಿ, ಒಡೆದು ತೋರಿಸಿ, ಚುಕ್ಕೆಯನ್ನೂ ತೋರಿಸುವವಳು ಆ ಊರಲ್ಲಿ ಒಬ್ಬಳೇ ಇದ್ದಳು. ಅವಳು ಪರಮೇಶ್ವರಿ.

ಪರಮೇಶ್ವರಿ ಭೂಪಟ ನೋಡಿದವಳಲ್ಲ. ಭಟ್ಕಳದ ಮುಟ್ಟಳ್ಳಿಯಲ್ಲಿ ಏಳನೇ ಇಯತ್ತೆಗೆ ಶಾಲೆ ಬಿಟ್ಟು ನಾಲ್ಕಾರು ವರ್ಷ ಗದ್ದೆ ನಟ್ಟಿ ಮಾಡಿದಳು. ಇಪ್ಪತ್ತಕ್ಕೆ ಹಮ್ಮನನ್ನು ಮದುವೆಯಾಗಿ ಕುಮಟೆಗೆ ಬಂದಳು. ಹಮ್ಮ ವಿಶ್ವನಾಥ ಶಾನಭಾಗರ ಗೇರುಬೀಜ ಕಾರ್ಖಾನೆಯಲ್ಲಿ ಮೂಟೆ ಹೊರುತ್ತಿದ್ದ. ಮದುವೆಯಾಗಿ ತಿಂಗಳಿಗೆ ಅವಳನ್ನೂ ಅಲ್ಲೇ ಕಟಿಂಗಿಗೆ ಸೇರಿಸಿದ. ಕಟಿಂಗ್ ಎಂದರೆ ಬೇಯಿಸಿ ಆರಿಸಿದ ಬೀಜವನ್ನು ಎರಡು ಅಲಗಿನ ನಡುವೆ ಇಟ್ಟು, ಕಾಲಲ್ಲಿ ಪೆಡಲ್ ಒತ್ತಿ, ಕೈಯಲ್ಲಿ ಹಿಡಿಕೆ ಎಳೆದು ಚಿಪ್ಪನ್ನು ಸೀಳುವ ಕೆಲಸ. ತಿರುಳು ಇಡಿಯಾಗಿ ಹೊರಗೆ ಬಂದರೆ ಅದು ಹಡಗು ಹತ್ತುತ್ತದೆ. ತುಂಡಾದರೆ ಇಲ್ಲಿನ ಬೇಕರಿಯವರ ಪಾಲು. ಪರಮೇಶ್ವರಿಯ ಕೈಯಲ್ಲಿ ನೂರಕ್ಕೆ ತೊಂಬತ್ತನಾಲ್ಕು ತೊಂಬತ್ತೈದು ಇಡಿಯಾಗಿಯೇ ಬರುತ್ತಿದ್ದವು. ಅದರ ಸೊಕ್ಕೂ ಅವಳಿಗೆ ಸ್ವಲ್ಪ ಇತ್ತು ಎನ್ನಿ. ಇಪ್ಪತ್ತೇಳು ವರ್ಷ ಒಂದೇ ಮಣೆಯ ಮೇಲೆ ಕೂತವಳಿಗೆ ಅಷ್ಟೂ ಇರಬಾರದೇ?

ಆ ಕೆಲಸ ಕೂಲಿಯನ್ನೇನೋ ಕೊಡುತ್ತದೆ, ಕೈಯನ್ನು ತಿನ್ನುತ್ತದೆ. ಚಿಪ್ಪಿನೊಳಗಿನ ಗೇರೆಣ್ಣೆ ಸುಡುವ ಎಣ್ಣೆ. ಹೊಸಬರ ಬೆರಳು ಮೂರೇ ದಿನಕ್ಕೆ ಬೊಬ್ಬೆ ಎದ್ದು, ಸುಲಿದು, ಕೆಂಪಗಾಗುತ್ತದೆ. ಅದಕ್ಕೇ ಹೆಂಗಸರು ಬೆರಳಿಗೆ ಒಲೆಯ ಬೂದಿ ಬಳಿದುಕೊಂಡು ಕೂರುತ್ತಾರೆ. ಕಾರ್ಖಾನೆಯವರು ಗ್ಲೌಸು ಕೊಡದೆ ಇರುವುದಿಲ್ಲ. ಆದರೆ ಕಟಿಂಗಿನ ಹೆಂಗಸರಿಗೆ ಅದು ಸೇರುವುದಿಲ್ಲ. "ಗ್ಲೌಸ್ ಹಾಕ್ಕಂಡ್ರೆ ಬೀಜದ ಬೆನ್ನು ಯಾವ ಕಡೆ, ಹೊಟ್ಟೆ ಯಾವ ಕಡೆ ಗೊತ್ತಾಗುದಿಲ್ಲ. ಕಣ್ಣು ಕಟ್ಕಂಡು ಮೀನು ಕೊಯ್ದ ಹಾಗೆ" ಎನ್ನುತ್ತಿದ್ದಳು ಪರಮೇಶ್ವರಿ. ವರ್ಷಗಳು ಕಳೆದ ಹಾಗೆ ಅವಳ ಬೆರಳ ತುದಿಗಳು ಕಪ್ಪಾಗಿ, ದಪ್ಪಗಾಗಿ, ನುಣ್ಣಗಾದವು. ಅವುಗಳ ಮೇಲೆ ಗೆರೆ ಎಂಬುದೇ ಉಳಿಯಲಿಲ್ಲ. ಅದನ್ನು ಅವಳು ಒಂದು ಕೊರತೆ ಎಂದು ಎಂದೂ ಎಣಿಸಿರಲಿಲ್ಲ.

ಕಾರ್ಖಾನೆಯ ಹಿಂದೆ ಸಾಲಾಗಿ ಎಂಟು ಕೋಣೆಗಳಿದ್ದವು. ಅದರಲ್ಲಿ ಮೂರನೆಯದು ಅವಳದ್ದು. ಬಾಡಿಗೆ ಇಲ್ಲ, ಕರಾರು ಒಂದೇ: ಕೋಣೆಯಲ್ಲಿರುವವರಲ್ಲಿ ಒಬ್ಬರ ಹೆಸರಾದರೂ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಇರಬೇಕು. ಹಮ್ಮ ಜ್ವರದಲ್ಲಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಮಕ್ಕಳಾಗಲಿಲ್ಲ. ಉಳಿದದ್ದು ಅವಳು ಮತ್ತು ಅತ್ತೆ ದೇವಿ. ದೇವಿಗೆ ಎಪ್ಪತ್ತು ದಾಟಿದೆ, ಒಂದು ಕಣ್ಣು ಪೂರ್ತಿ ಹೋಗಿದೆ, ಬಾಯಿ ಮಾತ್ರ ಹೋಗಿಲ್ಲ. ಅತ್ತೆ ಸೊಸೆ ದಿನಕ್ಕೆ ನಾಲ್ಕು ಸಲ ಜಗಳವಾಡುತ್ತಿದ್ದರು, ಐದನೇ ಸಲ ಒಂದೇ ಬಟ್ಟಲಲ್ಲಿ ಉಣ್ಣುತ್ತಿದ್ದರು. ಹೊನ್ನಾವರದಲ್ಲಿ ದೇವಿಗೆ ಒಬ್ಬ ಮಗಳಿದ್ದಾಳೆ. ಆದರೆ ಆ ಮನೆಯ ಜಗಲಿಯಲ್ಲಿ ಎರಡು ದಿನ ಕೂತರೆ ಮೂರನೇ ದಿನಕ್ಕೆ ಅಳಿಯ ಬಸ್ಸಿನ ಟೈಮು ಹೇಳುತ್ತಾನೆ. "ಸತ್ರೆ ಈ ಕೋಣೇಲಿ ಸಾಯ್ತೆ, ಅವನ ಜಗಲಿ ಮೆಟ್ಟುದಿಲ್ಲ" ಎಂದು ದೇವಿ ಸೊಸೆಯ ಎದುರು ಎಷ್ಟೋ ಸಲ ಹೇಳಿದ್ದಳು.

ಕಾರ್ಖಾನೆಗೆ ಬೀಜ ಬರುತ್ತಿದ್ದದ್ದು ಹೆಚ್ಚಾಗಿ ಆಫ್ರಿಕಾದಿಂದ. ನಮ್ಮ ಗುಡ್ಡದ ಗೇರು ಎರಡು ತಿಂಗಳಿಗೂ ಸಾಲುವುದಿಲ್ಲ. ಕೊನೆಕೊನೆಗೆ ಶಾನಭಾಗರು ಬೆನಿನ್ ದೇಶದ ಬೀಜವನ್ನೇ ನೆಚ್ಚಿಕೊಂಡಿದ್ದರು. ಸಣ್ಣ ಬೀಜ, ತೆಳು ಚಿಪ್ಪು, ಬೆಳ್ಳನೆಯ ತಿರುಳು. ಕಟಿಂಗಿನವರಿಗೂ ಅದೇ ಇಷ್ಟ. ಗೋಣಿಯ ಮೇಲೆ ನೀಲಿ ಅಕ್ಷರದಲ್ಲಿ ಹೆಸರಿರುತ್ತಿತ್ತು. ಪರಮೇಶ್ವರಿಯ ಕೋಣೆಯಲ್ಲಿ ಕಾಲೊರಸುವುದೂ ಬೆನಿನ್, ಮಳೆಗಾಲದಲ್ಲಿ ಕಿಟಕಿಗೆ ಕಟ್ಟುವುದೂ ಬೆನಿನ್.

ಒಂದು ದಿನ ಶಾನಭಾಗರು ಎಲ್ಲರನ್ನೂ ಅಂಗಳಕ್ಕೆ ಕರೆದರು. ಒಳ್ಳೆಯ ಮನುಷ್ಯ, ಆದರೆ ಕೆಟ್ಟ ಸುದ್ದಿ ಹೇಳುವಾಗ ಕನ್ನಡಕ ಒರೆಸುತ್ತಲೇ ಇರುತ್ತಾರೆ. ಅವತ್ತೂ ಒರೆಸಿದರು. ಬೆನಿನ್ ಸರ್ಕಾರ ಇನ್ನು ಮುಂದೆ ಚಿಪ್ಪಿನ ಬೀಜವನ್ನು ಹೊರದೇಶಕ್ಕೆ ಕೊಡುವುದಿಲ್ಲ, ಅಲ್ಲೇ ಕಾರ್ಖಾನೆ ಹಾಕಿ ಅಲ್ಲಿನ ಜನರಿಂದಲೇ ಒಡೆಸಿ ತಿರುಳನ್ನೇ ಮಾರುತ್ತದೆ ಎಂದರು. ಬೇರೆ ದೇಶದ ಬೀಜಕ್ಕೆ ಎಲ್ಲರೂ ಮುಗಿಬಿದ್ದು ದರ ಏರಿದೆ, ತಮ್ಮಂಥ ಸಣ್ಣವರಿಗೆ ಮುಟ್ಟಲು ಆಗುವುದಿಲ್ಲ ಎಂದರು. ಗೋದಾಮಿನಲ್ಲಿ ಇದ್ದದ್ದು ಮುಗಿದ ಮೇಲೆ ಕಟಿಂಗ್ ಬಂದ್.

ಹೆಂಗಸರು ಬೆನಿನ್‌ನವರಿಗೆ ಬಾಯಿಗೆ ಬಂದ ಹಾಗೆ ಶಾಪ ಹಾಕಿದರು. ಪರಮೇಶ್ವರಿಯೂ ಹಾಕಿದಳು. ಆದರೆ ಮಣೆ ತೊಳೆಯುವಾಗ ಅವಳಿಗೇ ಅನಿಸಿತು: ಅವರದೇ ಗುಡ್ಡ, ಅವರದೇ ಮರ, ಅವರ ಹೆಂಗಸರಿಗೂ ಹೊಟ್ಟೆ ಇದೆ. ನಮ್ಮ ಮಾವಿನಮಿಡಿಯನ್ನು ನಾವು ಉಪ್ಪಿಗೆ ಹಾಕಿದರೆ ಬೇರೆಯವರು ಬೈಯುವುದು ಯಾವ ನ್ಯಾಯ? ನ್ಯಾಯ ಸಮವೇ ಇತ್ತು, ಆದರೆ ಆ ನ್ಯಾಯ ಅವಳ ಅನ್ನಕ್ಕೆ ಕಲ್ಲು ಹಾಕಿತ್ತು. ಇಬ್ಬರೂ ಸರಿಯಿರುವ ಕಡೆ ಜಗಳವಾಡುವುದಕ್ಕೂ ಜನ ಸಿಗುವುದಿಲ್ಲ.

ಕಾರ್ಖಾನೆಯ ಜಾಗಕ್ಕೆ ಆಗಲೇ ಗಿರಾಕಿ ಬಂದಿದ್ದರು. ಗೋಕರ್ಣದ ಓಂ ಬೀಚ್ ಕಡೆ ಜಾಗ ಸಿಗದವರು ಈಗ ಕುಮಟೆಯ ಒಳಗೂ ರೆಸಾರ್ಟ್ ಮಾಡಲು ಹುಡುಕುತ್ತಾ ಇದ್ದಾರೆ. ಎಂಟು ಕೋಣೆಯಲ್ಲಿ ಐದು ಖಾಲಿಯಾದವು. ಪರಮೇಶ್ವರಿ ಮುಟ್ಟಳ್ಳಿಗೆ ಹೋಗಿ ಅಣ್ಣನನ್ನು ಕೇಳಿದಳು. ಅಣ್ಣ, "ನೀ ಬಂದ್ರೆ ಬಾ, ಹ್ಯಾಂಗಾದ್ರೂ ಆತದೆ. ನಿನ್ನ ಅತ್ತೆಯನ್ನು ಎಂತಕೆ ನಾವು ಸಾಕುದು?" ಎಂದ. ಅವನ ಮಾತಲ್ಲೂ ತಪ್ಪಿಲ್ಲ. ಅವಳು ಚಾ ಕುಡಿದು ಬಂದ ಬಸ್ಸಿಗೇ ತಿರುಗಿ ಬಂದಳು. ಅವಳಿಗೆ ಬೇಕಾಗಿದ್ದದ್ದು ಬಂಗಲೆಯಲ್ಲ, ಹತ್ತು ಅಡಿಗೆ ಹನ್ನೆರಡು ಅಡಿಯ ಆ ಕೋಣೆ. ಅದು ಹೋದರೆ ದೇವಿಯನ್ನು ಎಲ್ಲಿ ಇಡುವುದು?

ಆಗ ಬಂದವನು ಅನೂಪ. ಮಂಗಳೂರಿನ ಏಜೆಂಟು, ವಯಸ್ಸು ಮೂವತ್ತೈದರ ಆಸುಪಾಸು, ಮಾತು ಬೆಣ್ಣೆ. ಬೆನಿನ್‌ನಲ್ಲಿ ಹೊಸದಾಗಿ ಶುರುವಾದ ಒಂದು ಕಾರ್ಖಾನೆಗೆ ಕಟಿಂಗ್ ಕಲಿಸಲು ಇಲ್ಲಿನ ಅನುಭವದ ಹೆಂಗಸರು ಬೇಕಾಗಿದ್ದರು. ಒಂದು ವರ್ಷದ ಕರಾರು. ಕುಮಟೆಯಿಂದ ಒಬ್ಬಳು, ಕೇರಳದಿಂದ ಒಬ್ಬಳು. ಶಾನಭಾಗರು ಆ ಕಾರ್ಖಾನೆಯಲ್ಲಿ ಸಣ್ಣದೊಂದು ಪಾಲು ಹಾಕಿದ್ದರಿಂದ, ಹೋದವಳ ಹೆಸರು ಇಲ್ಲಿನ ಹಾಜರಿ ಪುಸ್ತಕದಲ್ಲೇ ಇರುತ್ತದೆ. ಶಾನಭಾಗರು ಪರಮೇಶ್ವರಿಯನ್ನು ಕರೆದು ಅದನ್ನು ಎರಡು ಸಲ ಬಿಡಿಸಿ ಹೇಳಿದರು. "ಹೆಸರು ಇದ್ರೆ ಕೋಣೆ ನಿಂದೇ. ಜಾಗ ಮಾರಿದ್ರೂ ಆ ಕೋಣೆ ಒಂದನ್ನು ನಾನು ಬಿಟ್ಟುಕೊಡೂದಿಲ್ಲ. ಅತ್ತೆ ಇಲ್ಲೇ ಇರ್ಲಿ, ನಮ್ಮ ಮನೆಯಿಂದ ಊಟ ಕಳಿಸ್ತೆ."

ಇಡೀ ಆಯುಷ್ಯದಲ್ಲಿ ಮಂಗಳೂರು ದಾಟದವಳು ಆಫ್ರಿಕಾಕ್ಕೆ ಹೋಗುತ್ತೇನೆ ಎಂದು ಅರ್ಧ ನಿಮಿಷದಲ್ಲಿ ಒಪ್ಪಿದಳು. ತನ್ನ ಅನ್ನ ಕಿತ್ತುಕೊಂಡವರಿಗೇ ಹೋಗಿ ವಿದ್ಯೆ ಹೇಳಿಕೊಡುವುದೇ ಎಂದು ಓಣಿಯ ಹೆಂಗಸರು ಕೊಂಕು ಆಡಿದರು. "ಅವ್ರಿಗೆ ಕಲಿಸುಕೆ ಹೋಗುದಲ್ಲ, ನಮ್ಮತ್ತೆಗೆ ಮಾಡು ಉಳಿಸುಕೆ ಹೋಗುದು" ಎಂದಳು ಪರಮೇಶ್ವರಿ. ಮಾಡು ಎಂದರೆ ತಲೆಯ ಮೇಲಿನ ಸೂರು.

ಎಡವಿದ್ದು ಬೆರಳಲ್ಲಿ. ಅಲ್ಲಿ ಕೆಲಸ ಮಾಡುವ ಪರವಾನಗಿಗೆ ಹತ್ತು ಬೆರಳಿನ ಅಚ್ಚು ಬೇಕಿತ್ತು. ಅನೂಪ ಚೀಲದಿಂದ ಅಂಗೈಯಗಲದ ಒಂದು ಮೆಷಿನ್ನು ತೆಗೆದು ಅವಳ ಬೆರಳನ್ನು ಒಂದೊಂದಾಗಿ ಇಡಿಸಿದ. ಕೆಂಪು ದೀಪ, ಕೆಂಪು ದೀಪ, ಮತ್ತೆ ಕೆಂಪು ದೀಪ. ಎಡಗೈಯ ಕಿರುಬೆರಳು ಮಾತ್ರ ಒಂದು ಸಲ ಹಸಿರು ತೋರಿಸಿತು. ಅನೂಪ ನಗುತ್ತಲೇ ಇದ್ದ. "ಹೆದರ್ಬೇಡಿ ಅಕ್ಕ. ಗೇರೆಣ್ಣೆ ಮುಟ್ಟದೆ ಒಂದೂವರೆ ತಿಂಗಳು ಇದ್ರೆ ಚರ್ಮ ಹೊಸತು ಬರ್ತದೆ, ಗೆರೆ ತಿರುಗಿ ಬರ್ತದೆ. ಕೈ ಜೋಪಾನ ಮಾಡಿ. ಬೀಜ ಮುಟ್ಬೇಡಿ, ಸೋಪು ಮುಟ್ಬೇಡಿ."

ಅಲ್ಲಿಂದ ನಲವತ್ತೈದು ದಿನ ಪರಮೇಶ್ವರಿಯ ಕೈಗೆ ಪಥ್ಯ. ಗೋದಾಮಿನಲ್ಲಿ ಉಳಿದ ಬೀಜ ಒಡೆಯಲು ಬೇರೆಯವರು ಹೋದರು, ಅವಳು ಹೋಗಲಿಲ್ಲ. ಕೂಲಿ ಇಲ್ಲ. ಗಂಜಿಗೆ ಒಣಮೀನಿನ ಚೂರು, ಅದೂ ಇಲ್ಲದ ದಿನ ಉಪ್ಪಿನಕಾಯಿಯ ರಸ. ಪಾತ್ರೆ, ಬಟ್ಟೆ ಎಲ್ಲ ದೇವಿಯ ಪಾಲು. ಒಕ್ಕಣ್ಣಿನ ಮುದುಕಿ ತಟ್ಟೆಯ ಮಸಿ ಬಿಡಿಸಲಾಗದೆ ಗೊಣಗುತ್ತಿದ್ದಳು. "ನನ್ನ ಕಾಲದಾಗೆ ಬಾಣಂತಿಗೂ ಇಷ್ಟು ಆರೈಕೆ ಇರ್ಲಿಲ್ಲ. ಹೋಗು, ಜಗಲಿ ಮೇಲೆ ಕೈ ಒಣಗಿಸ್ಕಂಡು ಕೂತ್ಕ." ಹಾಗೆ ಬೈದವಳೇ ದಿನಾ ಸಂಜೆ ಬಟ್ಟಲಲ್ಲಿ ತೆಂಗಿನೆಣ್ಣೆ ಬೆಚ್ಚಗೆ ಮಾಡಿ ತಂದು ಸೊಸೆಯ ಒಂದೊಂದೇ ಬೆರಳನ್ನು ತಿಕ್ಕುತ್ತಿದ್ದಳು. ಕಣ್ಣು ಸರಿಯಾಗಿ ಕಾಣದಿದ್ದರೇನು, ತನ್ನ ಹೆಬ್ಬೆರಳಿಂದ ಸವರಿ ನೋಡಿ, "ಇಲ್ಲಿ ಎಂತದೋ ಹುಟ್ತಾ ಅದೆ" ಎನ್ನುತ್ತಿದ್ದಳು.

ಹೌದು, ಹುಟ್ಟಿತ್ತು. ಕಪ್ಪು ತೊಗಲು ಪದರ ಪದರವಾಗಿ ಉದುರಿ ಒಳಗಿಂದ ಗುಲಾಬಿ ಬಣ್ಣದ ಎಳೆ ಚರ್ಮ ಬಂತು. ಅದರ ಮೇಲೆ, ಹೊಸದಾಗಿ ಉತ್ತ ಗದ್ದೆಯ ಹಾಗೆ, ಸಣ್ಣ ಸಣ್ಣ ಗೆರೆಗಳು. ಪರಮೇಶ್ವರಿ ಬೆಳಕಿಗೆ ಹಿಡಿದು ಹಿಡಿದು ನೋಡಿದಳು. ಅನೂಪ ಬಂದು ಮೆಷಿನ್ನಿಗೆ ಇಡಿಸಿದಾಗ ಹತ್ತರಲ್ಲಿ ಒಂಬತ್ತು ಹಸಿರು. "ಆತು ಅಕ್ಕ, ಇನ್ನು ನೀವು ವಿಮಾನ ಹತ್ತಿದ ಹಾಗೆ" ಎಂದ. ಗುರುವಾರ ಮಂಗಳೂರಿನಲ್ಲಿ ಅಚ್ಚು ಕೊಡಬೇಕು. ಅದಕ್ಕೆ ಮೊದಲು ಸೋಮವಾರ ಒಂದು ಸಣ್ಣ ಪರೀಕ್ಷೆ: ಬೆನಿನ್‌ನ ಮ್ಯಾನೇಜರು ವಿಡಿಯೋದಲ್ಲಿ ನೋಡುತ್ತಾನೆ, ಅವನ ಎದುರು ಒಂದು ಗಂಟೆ ಬೀಜ ಒಡೆದು ತೋರಿಸಬೇಕು. "ಗ್ಲೌಸ್ ಹಾಕಿಯೇ ಒಡೀರಿ, ಮರೀಬೇಡಿ" ಎಂದೂ ಹೇಳಿದ. ಅವನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ಪರೀಕ್ಷೆಗೆ ಇಬ್ಬರು ಕೂತರು. ಒಬ್ಬಳು ಪರಮೇಶ್ವರಿ. ಇನ್ನೊಬ್ಬಳು ದೀಪಾ, ಇಪ್ಪತ್ತಾರರ ಹೆಣ್ಣು. ಅವಳು ಒಣ ತಿರುಳಿನ ಸಿಪ್ಪೆ ತೆಗೆಯುವ ವಿಭಾಗದವಳು, ಕಟಿಂಗ್ ಅರೆಬರೆ ಕಲಿತವಳು. ಯಾವುದಕ್ಕೂ ಇನ್ನೊಂದು ಹೆಸರು ಇರಲಿ ಎಂದು ಅನೂಪ ಸೇರಿಸಿದ್ದ ಅಷ್ಟೆ. ಮಣೆಗಳ ಎದುರು ಕುರ್ಚಿಯ ಮೇಲೆ ಲ್ಯಾಪ್‌ಟಾಪ್ ಇಟ್ಟರು. ಪರದೆಯಲ್ಲಿ ಬಿಳಿ ಅಂಗಿಯ ಮ್ಯಾನೇಜರು, ಅವನ ಹಿಂದೆ ಏಳೆಂಟು ಹೆಂಗಸರು, ತಲೆಗೆ ಬಣ್ಣಬಣ್ಣದ ಬಟ್ಟೆ ಕಟ್ಟಿಕೊಂಡು ಬಾಗಿ ಬಾಗಿ ನೋಡುತ್ತಿದ್ದರು. ಬೂದಿ ಬಳಿಯುವ ಹಾಗಿಲ್ಲ, ತಿರುಳಿಗೆ ಕೊಳೆಯಾಗುತ್ತದೆ ಎಂದು ಆ ಕಡೆಯಿಂದ ಮೊದಲೇ ಹೇಳಿ ಕಳಿಸಿದ್ದರು.

ಪರಮೇಶ್ವರಿ ಗ್ಲೌಸ್ ಹಾಕಿ ಶುರುಮಾಡಿದಳು. ಮೊದಲ ಬೀಜ ತುಂಡಾಯಿತು. ಎರಡನೆಯದು ಅರ್ಧ. ಆರು ಒಡೆದರೆ ನಾಲ್ಕು ತುಂಡು. ರಬ್ಬರಿನ ಒಳಗೆ ಬೆರಳು ಕುರುಡಾಗಿತ್ತು, ಅಲಗಿನ ಮೇಲೆ ಬೀಜ ಸಮನಾಗಿ ಕೂತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ ದೀಪಾಳದೂ ಅದೇ ಗತಿ, ಆದರೆ ಅವಳಿಂದ ಯಾರೂ ಏನೂ ಬಯಸಿರಲಿಲ್ಲವಲ್ಲ. ಪರದೆಯ ಮನುಷ್ಯ ಅವನ ಭಾಷೆಯಲ್ಲಿ ಏನೋ ಹೇಳಿದ. ಹಿಂದಿನ ಹೆಂಗಸೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಎಂತ ಹೇಳ್ದ?" ಎಂದು ಪರಮೇಶ್ವರಿ ಕೇಳಿದಳು. ಅನೂಪ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇವರೇನಾ ನಿಮ್ಮಲ್ಲಿ ಎಲ್ಲರಿಗಿಂತ ಒಳ್ಳೆಯವರು ಅಂತ ಕೇಳ್ತಿದ್ದಾನೆ" ಎಂದ.

ಅಷ್ಟೇ ಸಾಕಾಯಿತು. ಇಪ್ಪತ್ತೇಳು ವರ್ಷ ಶಾನಭಾಗರಾಗಲಿ, ಶಾನಭಾಗರ ಅಪ್ಪನಾಗಲಿ ಅವಳ ಮಣೆಯ ಎದುರು ನಿಂತು ಹೀಗೆ ಕೇಳಿದವರಲ್ಲ. ಈ ಪರೀಕ್ಷೆ ಹೋದರೆ ಕೋಣೆಯೂ ಹೋಯಿತು ಎಂಬ ಹೆದರಿಕೆ ಒಂದು ಕಡೆ, ಆ ನಗೆಯ ಉರಿ ಇನ್ನೊಂದು ಕಡೆ. ಪರಮೇಶ್ವರಿ ಎರಡೂ ಗ್ಲೌಸನ್ನು ಕಿತ್ತು ನೆಲಕ್ಕೆ ಹಾಕಿದಳು. ಆಮೇಲೆ ಅವಳು ಯಾರನ್ನೂ ನೋಡಲಿಲ್ಲ. ಕಾಲು ಒತ್ತಿತು, ಕೈ ಎಳೆಯಿತು, ತಿರುಳು ಮಗುವಿನ ಹಲ್ಲಿನ ಹಾಗೆ ಬೆಳ್ಳಗೆ, ಇಡಿಯಾಗಿ ಬುಟ್ಟಿಗೆ ಬಿತ್ತು. ಮತ್ತೊಂದು, ಮತ್ತೊಂದು. ಅಷ್ಟರೊಳಗೆ ಫೋನು ಬಂತೆಂದು ಹೊರಗೆ ಹೋಗಿದ್ದ ಅನೂಪ ಗಂಟೆ ಮುಗಿಯುವಾಗಲೇ ಒಳಗೆ ಬಂದದ್ದು. ತಕ್ಕಡಿಗೆ ಹಾಕಿದಾಗ ನೂರಕ್ಕೆ ತೊಂಬತ್ತಾರು ಇಡೀ ತಿರುಳು. ಪರದೆಯ ಹೆಂಗಸರು ಚಪ್ಪಾಳೆ ತಟ್ಟಿದರು. ನಕ್ಕವಳು ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಪರಮೇಶ್ವರಿಯ ಮುಖದ ಮೇಲೆ ಎಷ್ಟೋ ವರ್ಷದ ಮೇಲೆ ಒಂದು ಕಳೆ ಬಂತು.

ಅವಳ ಕೈ ನೋಡಿ ಅನೂಪನ ನಗು ಮಾತ್ರ ನಿಂತಿತು.

ಹಳೆಯ ಕಪ್ಪು ತೊಗಲಾಗಿದ್ದರೆ ಒಂದು ಗಂಟೆಯ ಗೇರೆಣ್ಣೆಗೆ ಏನೂ ಆಗುತ್ತಿರಲಿಲ್ಲ. ಇದು ನಲವತ್ತೈದು ದಿನದ ಎಳೆ ಚರ್ಮ, ಕೂಸಿನ ಚರ್ಮ. ಆಗಲೇ ಕೆಂಪಗೆ ಚುರುಗುಟ್ಟುತ್ತಿತ್ತು. ಕೋಣೆಯ ಬಾಗಿಲಿಗೆ ಬರುವ ಮೊದಲೇ ದೇವಿಗೆ ವಾಸನೆ ಬಡಿಯಿತು. "ಪರಮೇಶಿ, ಎಂತ ಮಾಡ್ಕಂಡು ಬಂದೆ ನೀನು?" ಎಂದಳು. ಪರಮೇಶ್ವರಿ ಕೈಯನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ಕೂತಳು. ಲೋಳೆಸರ ಹಚ್ಚಿದರು, ತುಪ್ಪ ಸಾಲ ತಂದು ಹಚ್ಚಿದರು. ಮಂಗಳವಾರ ಬೊಬ್ಬೆ ಎದ್ದಿತು. ಬುಧವಾರ ಸುಲಿಯಿತು. ಅವಳು ಕೈ ಮೇಲೆತ್ತಿಕೊಂಡು ಕೋಣೆಯೊಳಗೆ ಅತ್ತಿಂದಿತ್ತ ಓಡಾಡಿದಳು. ತನಗೆ ತಾನೇ ಬೈದುಕೊಂಡಳು, ತನ್ನ ಕೆನ್ನೆಗೆ ಹೊಡೆದುಕೊಳ್ಳಲು ಹೋದಳು. ಅದಕ್ಕೂ ಬೆರಳು ನೋಯುತ್ತಿತ್ತು. ದೇವಿ ಬೈಯಲಿಲ್ಲ. ಬೈಯದೆ ಇದ್ದದ್ದೇ ಪರಮೇಶ್ವರಿಗೆ ತಡೆಯಲಾಗಲಿಲ್ಲ.

ಗುರುವಾರ ಬೆಳಿಗ್ಗೆ ಅನೂಪ, ದೀಪಾ, ಪರಮೇಶ್ವರಿ ಮೂವರೂ ರೈಲಿನಲ್ಲಿ ಮಂಗಳೂರಿಗೆ ಹೋದರು. ಅಚ್ಚು ತೆಗೆದುಕೊಳ್ಳುವ ಕಿಟಕಿಯಲ್ಲಿ ಕೂತಿದ್ದ ಹೆಣ್ಣುಮಗಳು ಕರುಣೆ ಇದ್ದವಳು. ಒದ್ದೆ ಬಟ್ಟೆಯಿಂದ ಒರೆಸಿ ಇಡಿಸಿದಳು, ಒಣ ಬಟ್ಟೆಯಿಂದ ಒರೆಸಿ ಇಡಿಸಿದಳು, ತನ್ನ ಕೈಯಿಂದಲೇ ಒತ್ತಿ ಹಿಡಿದಳು. ಒತ್ತಿದಲ್ಲಿ ಗಾಜಿನ ಮೇಲೆ ನೀರು ಒಸರಿತು. ಹತ್ತು ಬೆರಳಿಗೂ ಕೆಂಪು.

"ಇನ್ನೊಂದು ಸಲ ನೋಡಿ ಮೇಡಂ" ಎಂದಳು ಪರಮೇಶ್ವರಿ.

"ಅಮ್ಮ, ಎಷ್ಟು ಸಲ ಇಟ್ಟರೂ ಇಲ್ಲದ್ದು ಬರೋದಿಲ್ಲ. ಗುಣ ಆದ ಮೇಲೆ ಬನ್ನಿ."

"ಗುಣ ಆಗುವಷ್ಟರಲ್ಲಿ ನನ್ನ ಮನೆ ಹೋಗ್ತದೆ ಮೇಡಂ. ಒಂಬತ್ತು ಬೆರಳು ಬಂದಿತ್ತು. ಇವ್ರನ್ನೇ ಕೇಳಿ. ಹೋದ ವಾರ ಒಂಬತ್ತು ಬಂದಿತ್ತು."

ಅನೂಪ ಹೌದೆಂದು ತಲೆಯಾಡಿಸಿದ. ಹೋದ ವಾರದ ಬೆರಳನ್ನು ತೆಗೆದುಕೊಳ್ಳುವ ಮೆಷಿನ್ನು ಆ ಕಚೇರಿಯಲ್ಲಿ ಇರಲಿಲ್ಲ. ಬೆನಿನ್‌ನಲ್ಲಿ ಹೊಸ ಬೀಜದ ಕೊಯ್ಲು ಶುರುವಾಗುವುದರೊಳಗೆ ಹೆಂಗಸರು ಅಲ್ಲಿರಬೇಕು, ಟಿಕೆಟ್ಟಿಗೆ ಇಪ್ಪತ್ತು ದಿನವೂ ಉಳಿದಿಲ್ಲ ಎಂದ. ಪಕ್ಕದ ಕಿಟಕಿಯಲ್ಲಿ ದೀಪಾಳ ಹತ್ತಕ್ಕೆ ಹತ್ತೂ ಹಸಿರು ಬಂದಿದ್ದವು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಕೈ ಸವೆಯುವಷ್ಟು ಕೆಲಸ ಮಾಡಿದವಳಿಗೆ ಬೆರಳಿಲ್ಲ, ಬೆರಳಿದ್ದವಳಿಗೆ ಕೆಲಸ ಬಾರದು.

ತಿರುಗಿ ಬರುವಾಗ ದೀಪಾ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಭಟ್ಕಳ ಸ್ಟೇಶನ್ನಿನಲ್ಲಿ ರೈಲು ನಿಂತಿತು. ಇಲ್ಲೇ ಇಳಿದು ಮುಟ್ಟಳ್ಳಿಗೆ ಹೋಗಿ ಅಣ್ಣನ ಕಾಲು ಹಿಡಿಯಲೇ ಎಂದು ಪರಮೇಶ್ವರಿ ಎದ್ದಳು, ಬಾಗಿಲವರೆಗೆ ಹೋದಳು. ಹಿಡಿಯುವ ಕೈಯನ್ನು ನೋಡಿಕೊಂಡು ತಿರುಗಿ ಬಂದು ಕೂತಳು. ದೀಪಾ, "ಪರಮಕ್ಕ, ನಾ ಹೋಗುದಿಲ್ಲ. ನಿಮ್ಮ ಜಾಗ ಅದು" ಎಂದಳು.

"ನೀ ಹೋಗದಿದ್ರೆ ನನ್ನ ಕೈಯ ಗೆರೆ ತಿರುಗಿ ಬತ್ತದನೆ?" ಎಂದಳು ಪರಮೇಶ್ವರಿ. ಆ ಮಾತಲ್ಲಿ ಸಿಟ್ಟು ಇತ್ತು, ಸುಳ್ಳು ಹೇಳುವುದೇಕೆ.

ಮರುದಿನ ಶಾನಭಾಗರ ಮನೆಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಶಾನಭಾಗರು ಬಂದರು, ಕನ್ನಡಕ ಒರೆಸಿದರು. "ಒಡೆಯಾ, ಅವಳ ಹೆಸರು ಬೇಡ ಹೇಳುದಿಲ್ಲ. ಅವಳು ಹೋಗ್ಲಿ. ನನ್ನದೂ ಪುಸ್ತಕದಾಗೆ ಸುಮ್ಮಗೆ ಇರ್ಲಿ. ಕೂಲಿ ಬೇಡ. ಕಸ ಗುಡಿಸ್ತೆ, ಗೋದಾಮು ಕಾಯ್ತೆ. ಅತ್ತೆ ಇರುವಷ್ಟು ದಿನ." ಶಾನಭಾಗರಿಗೆ ಕೊಡಬಾರದೆಂದಿರಲಿಲ್ಲ. ಆದರೆ ಕರಾರಿನಲ್ಲಿ ಉಳಿಯುವುದು ಒಂದೇ ಹೆಸರು, ಒಂದೇ ಕೋಣೆ, ಅದು ಈಗ ಬೆನಿನ್‌ಗೆ ಹೋಗುವ ದೀಪಾಳದ್ದು. ಉಳಿದದ್ದೆಲ್ಲ ರೆಸಾರ್ಟಿನವರಿಗೆ ಬರೆದುಕೊಟ್ಟಾಗಿತ್ತು, ಮುಂಗಡ ಬ್ಯಾಂಕಿಗೆ ಹೋಗಿತ್ತು. ಎರಡು ತಿಂಗಳು ವಾಯಿದೆ ಕೊಡಿಸುತ್ತೇನೆ ಎಂದರು. ಅದಕ್ಕೆ ಬದಲಾಗಿ ದೀಪಾಳಿಗೆ ಕಟಿಂಗ್ ಸರಿಯಾಗಿ ಕಲಿಸಿ ಕಳಿಸಲು ಸಾಧ್ಯವೇ ಎಂದು ಕೇಳುವಾಗ ಮುಖ ಬೇರೆ ಕಡೆ ತಿರುಗಿಸಿದರು.

ಮೊದಲ ದಿನ ಪರಮೇಶ್ವರಿ ಹೋಗಲಿಲ್ಲ. ಎರಡನೇ ದಿನ ಹೋಗಿ ದೂರ ಕೂತಳು, ದೀಪಾ ಬೀಜ ಒಡೆದು ಒಡೆದು ಹಾಳು ಮಾಡುವುದನ್ನು ನೋಡುತ್ತಾ. ಹಾಳಾಗಲಿ ಎಂದು ಮನಸ್ಸು ಹೇಳಿತು. ಈ ಅರೆಬರೆ ಕೈ ಹಿಡಿದುಕೊಂಡು ಹೋಗಿ ಅವಳೂ ಪರದೇಶದಲ್ಲಿ ನಗೆಪಾಟಲಾಗಲಿ. ಆದರೆ ಒಳ್ಳೆಯ ಬೀಜ ಕಣ್ಣೆದುರು ತುಂಡಾಗುವುದನ್ನು ಎಷ್ಟು ಹೊತ್ತು ನೋಡುವುದು? ನಾಲ್ಕನೆಯದಕ್ಕೇ ಎದ್ದು ಹೋಗಿ ಹಿಂದೆ ನಿಂತಳು. "ಬೆನ್ನು ಮೇಲೆ ಮಾಡು. ಒತ್ತುಕಿಂತ ಮೊದ್ಲು ಉಸಿರು ಬಿಡು. ಎಳಿಬೇಡ, ತಿರುಗ್ಸು." ಹನ್ನೆರಡು ದಿನ ಬಾಯಲ್ಲೇ ಕಲಿಸಿದಳು, ಕೈ ಬಟ್ಟೆಯಲ್ಲಿ ಸುತ್ತಿಕೊಂಡಿತ್ತು. ಗ್ಲೌಸಿನಲ್ಲೇ ಹೇಗೆ ತಡವಿ ಬೀಜ ಕೂರಿಸುವುದು ಎಂದು ತಾನೇ ಯೋಚಿಸಿ ಯೋಚಿಸಿ ಒಂದು ಉಪಾಯ ಕಂಡುಹಿಡಿದಳು: ಹೆಬ್ಬೆರಳಿನ ಬದಲು ನಡುಬೆರಳಿನ ಪಕ್ಕದಿಂದ ಹಿಡಿಯುವುದು. ಅದು ಆ ಸೋಮವಾರ ಹೊಳೆದಿದ್ದರೆ ಅವಳ ಕಥೆಯೇ ಬೇರೆಯಾಗುತ್ತಿತ್ತು. ಕೊನೆಯ ದಿನ ದೀಪಾ ನೂರಕ್ಕೆ ಎಂಬತ್ತೆಂಟು ತೆಗೆದಳು. ಕಾಲಿಗೆ ಬೀಳಲು ಬಂದವಳನ್ನು ಪರಮೇಶ್ವರಿ ತಡೆದು, "ಹೋಗಿ ಬಾ. ಅಲ್ಲಿಯ ಹೆಂಗಸರಿಗೆ ಬರಿಗೈಯಲ್ಲಿ ಒಡೆಯುಕೆ ಬಿಡಬೇಡ" ಎಂದಳು.

ಎರಡು ತಿಂಗಳು ಬೇಗ ಮುಗಿಯಿತು. ಪರಮೇಶ್ವರಿ ಹೊನ್ನಾವರ, ಗೋಕರ್ಣ ಎಲ್ಲ ಸುತ್ತಿದಳು. ಮುದುಕಿಯನ್ನು ಜೊತೆಗಿಟ್ಟುಕೊಳ್ಳಲು ಬಿಡುವ ಕೆಲಸ ಒಂದೂ ಸಿಗಲಿಲ್ಲ. ಕೊನೆಗೆ ಓಂ ಬೀಚಿನ ಹತ್ತಿರ ಒಂದು ಗೆಸ್ಟ್ ಹೌಸಿನಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸ. ಮಲಗಲು ನಾಲ್ಕು ಹೆಂಗಸರ ಕೋಣೆಯಲ್ಲಿ ಒಂದು ಚಾಪೆಯ ಜಾಗ, ಒಬ್ಬಳಿಗೆ ಮಾತ್ರ. ದೇವಿಗೆ ಅದನ್ನು ಹೇಳುವುದನ್ನು ಎರಡು ದಿನ ಮುಂದೂಡಿದಳು. ಹೇಳಿದಾಗ ದೇವಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಬಾಗಿಲಾಚೆ ಉಗಿದಳು. "ಆತು. ಅಳಿಯನಿಗೆ ಫೋನು ಮಾಡು. ಬಸ್ಸಿನ ಟೈಮು ಅಂವ ಹೇಳ್ತ" ಎಂದಳು. ಆಮೇಲೆ ಎಣ್ಣೆಯ ಬಟ್ಟಲು ತೆಗೆದುಕೊಂಡು ಸೊಸೆಯ ಕೈಗಾಗಿ ತಡಕಾಡಿದಳು. ಪರಮೇಶ್ವರಿ ಕೈ ಕೊಡಲಿಲ್ಲ, ಹೊರಗೆ ಹೋಗಿ ನೀರಿನ ಬ್ಯಾರಲ್ಲಿನ ಹಿಂದೆ ನಿಂತು ಅತ್ತಳು.

ಲೆಕ್ಕ ಮುಗಿಸುವ ದಿನ ಆಫೀಸಿನಲ್ಲಿ ಗುಮಾಸ್ತ ಸಂಜಯ ಕೂತಿದ್ದ. ಭವಿಷ್ಯನಿಧಿ ತೆಗೆಯುವುದಕ್ಕೆ ಎಲ್ಲರೂ, ಕೋಣೆ ಬಿಟ್ಟುಕೊಟ್ಟೆ ಎನ್ನುವ ಕಾಗದಕ್ಕೆ ಕೋಣೆಯಲ್ಲಿದ್ದವರೂ ಹಾಜರಿಯ ಮೆಷಿನ್ನಿನ ಮೇಲೆ ಹೆಬ್ಬೆರಳು ಇಡಬೇಕಿತ್ತು. ಕಟಿಂಗಿನ ಹನ್ನೊಂದು ಹೆಂಗಸರು ಆಗಲೇ ಇಟ್ಟು ಹೋಗಿದ್ದರು. ಹೊರಗೆ ರಿಕ್ಷಾದಲ್ಲಿ ದೇವಿ ಗಂಟು ತೊಡೆಯ ಮೇಲಿಟ್ಟುಕೊಂಡು ಹೊನ್ನಾವರದ ಬಸ್ಸಿಗೆ ಹೋಗಲು ಕಾಯುತ್ತಿದ್ದಳು. ಪರಮೇಶ್ವರಿ ಹೆಬ್ಬೆರಳನ್ನು ಗಾಜಿನ ಮೇಲೆ ಇಟ್ಟಳು. ಒತ್ತಲೂ ಇಲ್ಲ, ಸುಮ್ಮನೆ ಇಟ್ಟಳು. ಹಸಿರು ದೀಪ ಹತ್ತಿತು.

ಸಂಜಯನಿಗೆ ಖುಷಿಯಾಯಿತು. "ನಿಮ್ಮದೂ ಒಂದೇ ಸಲಕ್ಕೆ ಬಂತು ಅಕ್ಕ. ಬೆಳಿಗ್ಗೆಯಿಂದ ಎಲ್ಲರದೂ ಹೀಗೇ ಬರ್ತಾ ಇದೆ. ಹೋದ ವರ್ಷ ನಿಮ್ಮ ಕಟಿಂಗಿನವರದ್ದು ಒಂದೂ ಬರ್ತಿರ್ಲಿಲ್ಲ, ನೆನಪಿದ್ಯಾ? ಮೆಷಿನ್ನೇ ಹಾಳಾಗಿದೆ ಅಂತ ನಾನು ಕಂಪನಿಯವ್ರಿಗೆ ಬಯ್ದಿದ್ದೆ."

ಪರಮೇಶ್ವರಿ ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟಳು.

"ಮೆಷಿನ್ನು ಸಮ ಇತ್ತು, ಸಂಜಯ" ಎಂದಳು. "ಆವಾಗ ನಮಗೆ ಕೆಲಸ ಇತ್ತು."